ನೆಲ ಮುಟ್ಟಿದಿರಾ ಎಂದು ಕೇಳುವ ಕೆಲಸ

ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಮೈಕು ಕೈಗೆ ಕೊಟ್ಟು "ಹೊಸಬರಿಗೆ ಎರಡು ಮಾತು ಹೇಳ್ರಿ ಮೇಡಂ" ಎಂದರು. ಮೈಕು ಕುಂಯ್ ಎಂದು ಅರಚಿತು. ಅದರ ಹೊಟ್ಟೆಗೆ ಎರಡು ಏಟು ಕೊಟ್ಟರೂ ಬುದ್ಧಿ ಬರಲಿಲ್ಲ. "ಊಟಕ್ಕೆ ಹೋಗಾಣ ನಡೀರಿ, ಪಲ್ಯ ಆರ್ತೈತೆ" ಎಂದು ಕೆಳಗಿಳಿದೆ. ಅವತ್ತು ಗಂಟಲಲ್ಲೇ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಓದಲಿ. ಬೇಸರವಾದರೆ ಮಡಿಸಿಡಲಿ, ಆದರೆ ಕೊನೆಯ ಭಾಗವನ್ನಾದರೂ ಓದಿ ಮಡಿಸಲಿ.

ನಾನು ರುದ್ರಮ್ಮ. ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಶುರು, ನಡುವೆ ಹೊಸದುರ್ಗ, ಕೊನೆಗೆ ಹಿರಿಯೂರು ಕಡೆ. ಸ್ಟೇಷನ್ನುಗಳ ಹೆಸರು ಬೇಡ, ಅಲ್ಲಿ ಈಗಲೂ ಜನ ಕೆಲಸ ಮಾಡುತ್ತಿದ್ದಾರೆ. ಆಪರೇಟರ್ ಎಂದರೆ ಏನು ಎಂದು ನೆಂಟರೆಲ್ಲ ಕೇಳುತ್ತಿದ್ದರು. ದೊಡ್ಡ ಲೈನಿನಲ್ಲಿ ಬಂದ ಕರೆಂಟನ್ನು ಹಳ್ಳಿಗಳ ಲೈನಿಗೆ ಬಿಡುವುದು. ಲೈನ್‌ಮನ್ ಕಂಬ ಹತ್ತಬೇಕಾದಾಗ ಅವನು ಕೇಳುತ್ತಾನೆ, ನಾವು ಆ ಲೈನನ್ನು ತೆಗೆಯುತ್ತೇವೆ. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತೇವೆ. ಅವನು ಇಳಿದು ವಾಪಸ್ ಕೊಟ್ಟ ಮೇಲೆ ಮತ್ತೆ ಹಾಕುತ್ತೇವೆ. ಅಷ್ಟೇ ಕೆಲಸ. ಆದರೆ ತೆಗೆದದ್ದಕ್ಕೂ ಹಾಕುವುದಕ್ಕೂ ನಡುವೆ ಒಬ್ಬ ಮನುಷ್ಯನ ಜೀವ ನಮ್ಮ ಕೈಯಲ್ಲಿರುತ್ತದೆ. ಉಳಿದ ಹೊತ್ತೆಲ್ಲ ಕುರ್ಚಿ ಬಿಸಿ ಮಾಡುವುದೇ.

ನನ್ನ ಗಂಡ ತಿಪ್ಪೇಸ್ವಾಮಿ ಲೈನ್‌ಮನ್ ಆಗಿದ್ದವರು. ಹೊರಕೆರೆದೇವಪುರದ ಆಚೆ ಒಂದು ಕಂಬದ ಮೇಲಿದ್ದಾಗ ಲೈನಿಗೆ ಕರೆಂಟು ಬಂತು. ಒಂದೇ ಲೈನಿನಲ್ಲಿ ಎರಡು ತಂಡ ಕೆಲಸ ಮಾಡುತ್ತಿದ್ದವು. ಲೈನ್ ಕ್ಲಿಯರ್ ಪಡೆದದ್ದು ಒಂದು ತಂಡ ಮಾತ್ರ. "ನಿಮ್ಮ ಕ್ಲಿಯರಿನ ಮೇಲೆ ನಾವೂ ಹತ್ತುತ್ತೀವಿ" ಎನ್ನುವುದು ಆಗ ಇದ್ದ ರೂಢಿ. ಆ ತಂಡ ತನ್ನ ಕೆಲಸ ಮುಗಿಸಿ ವಾಪಸ್ ಕೊಟ್ಟಿತು. ಇವರು ಇನ್ನೂ ಮೇಲಿದ್ದರು. ಅನುಕಂಪದ ಮೇಲೆ ನನಗೆ ಕೆಲಸ ಬಂತು. ಅನುಕಂಪ ಎಂಬ ಪದ ನನಗೆ ಇವತ್ತಿಗೂ ಸೇರುವುದಿಲ್ಲ.

ಕೆಲಸಕ್ಕೆ ಸೇರಿದ ದಿನ ಹಿರಿಯ ಆಪರೇಟರ್ ಓಂಕಾರಪ್ಪನವರು ಎದ್ದು ನಿಂತು ಕುರ್ಚಿ ತೋರಿಸಿದರು. "ಕುಂತ್ಕಳವ್ವ" ಎಂದರು. ನಾನು ಕುಳಿತ ಮೇಲೂ ಅವರು ನಿಂತೇ ಇದ್ದರು. "ಮೊದ್ಲೇ ಹೇಳಿಬಿಡ್ತೀನಿ, ಬ್ಯಾರೆಯೋರ ಬಾಯಾಗೆ ಕೇಳಬ್ಯಾಡ. ಅವತ್ತು ಲೈನ್ ಹಾಕಿದೋನು ನಾನು. 'ಆಯ್ತಾ?' ಅಂದೆ, 'ಆಯ್ತು' ಅಂದ್ರು, ಹಾಕಿದೆ. ವಿಚಾರಣೆಯಾಗೆ ನಂದು ತಪ್ಪಿಲ್ಲ ಅಂತ ಬರ್ದವ್ರೆ. ನೀನು ಬ್ಯಾರೆ ಸ್ಟೇಷನ್ ಬೇಕಂದ್ರೆ ಕೇಳು, ನಾನೇ ಓಡಾಡಿ ಮಾಡಿಸಿಕೊಡ್ತೀನಿ."

ಆ ಮನುಷ್ಯನ ಮುಖಕ್ಕೆ ಏನಾದರೂ ಎಸೆಯಬೇಕು ಎನಿಸಿತು. ಕೈಗೆ ಸಿಕ್ಕಿದ್ದು ನೀರಿನ ಲೋಟ ಮಾತ್ರ, ಅದನ್ನೂ ಎಸೆಯಲಿಲ್ಲ. ಬೇರೆ ಸ್ಟೇಷನ್ ಎಂದರೆ ಊರು ಬಿಡಬೇಕಿತ್ತು, ಮಕ್ಕಳು ಚಿಕ್ಕವು. ಉಳಿದೆ. ಬಹಳ ದಿನ ಅವರು ಮಾಡಿಟ್ಟ ಚಹಾ ಮುಟ್ಟಲಿಲ್ಲ. ಅವರು ದಿನವೂ ಎರಡು ಲೋಟ ಮಾಡುತ್ತಿದ್ದರು, ಒಂದು ಆರಿ ಕೆನೆಗಟ್ಟುತ್ತಿತ್ತು.

ಅವರು ಕಲಿಸಿದ ಮೊದಲ ಪಾಠವನ್ನು ಇಲ್ಲೇ ಹೇಳಿಬಿಡುತ್ತೇನೆ. "'ಆಯ್ತಾ' ಅಂತ ಯಾವತ್ತೂ ಕೇಳಬ್ಯಾಡ. ಆಯ್ತು ಅನ್ನೋದು ಕೆಲಸದ ಮಾತು, ಮನುಷ್ಯಂದಲ್ಲ. 'ನೆಲ ಮುಟ್ಟಿದೀರಾ' ಅಂತ ಕೇಳು. ಒಬ್ಬೊಬ್ಬರನ್ನೇ ಕೇಳು. ಅವರು 'ಮುಟ್ಟೀನಿ' ಅನ್ನಬೇಕು. ಇನ್ನೊಂದು, ನೀನು ಕೇಳಿದ ಮ್ಯಾಲೆ ಹೇಳಬೇಕು. ನೀ ಕೇಳೋಕೆ ಮುಂಚೆ ಹೇಳಿದ್ದು ಲೆಕ್ಕಕ್ಕಿಲ್ಲ."

ಇಷ್ಟು ಹೇಳಿಕೊಟ್ಟವರು ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಹೊರಕೆರೆದೇವಪುರದ ಲೈನ್ ವಾಪಸ್ ಬಂದಾಗ "ರುದ್ರವ್ವಾ, ನೀನೇ ಹಾಕು" ಎಂದು ಹಿಂದೆ ಸರಿದು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರು ನಿವೃತ್ತರಾಗುವವರೆಗೂ ಲೈನ್ ಹಾಕುವ ಆ ಹ್ಯಾಂಡಲನ್ನು ಮತ್ತೆ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಅದನ್ನು ಗಮನಿಸಿದ ಮೇಲೆಯೇ ನಾನು ಒಂದು ದಿನ ಆ ಚಹಾ ಕುಡಿದದ್ದು. ಸಕ್ಕರೆ ಜಾಸ್ತಿಯಾಗಿತ್ತು, ಹಾಗಂತ ಹೇಳಿದೆ. ಮರುದಿನದಿಂದ ಸರಿಯಾಯಿತು.

ಈಗ ಯಂತ್ರಗಳ ವಿಷಯ. ರುದ್ರಮ್ಮನಿಗೆ ಮೊಬೈಲ್ ಕಂಡರೆ ಆಗುವುದಿಲ್ಲ ಎಂದು ಹಿರಿಯೂರಿನಲ್ಲಿ ಸುದ್ದಿ ಹಬ್ಬಿಸಿದವರು ಇದ್ದಾರೆ. ಅಪ್ಪಟ ಸುಳ್ಳು. ಚಾರ್ಜಿನ ಟಾರ್ಚ್ ಬಂದಾಗ ನಾನು ಅದನ್ನು ಕಣ್ಣಿಗೊತ್ತಿಕೊಂಡಿದ್ದೇನೆ. ನನ್ನ ತಕರಾರು ಒಂದೇ. ಯಂತ್ರ ನಾವು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಈಗಿನವು ಕೇಳದ್ದಕ್ಕೆ ಉತ್ತರ ಕೊಡುತ್ತವೆ. ಮಗಳು ಕೈಗೆ ಕಟ್ಟಿದ ಗಡಿಯಾರ ಇದೆ. ನಾನು ಒಲೆ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದರೆ, ಭೇಷ್, ಇವತ್ತು ಚೆನ್ನಾಗಿ ನಡೆದಿದ್ದೀರಿ ಎನ್ನುತ್ತದೆ. ನಿಂತಲ್ಲೇ ನಿಂತವಳಿಗೆ ಬಹುಮಾನ! ಬಟ್ಟೆ ಒಗೆಯುವ ಮಿಷನ್ ಕೊನೆಯಲ್ಲಿ ಹಾಡು ಹೇಳುತ್ತದೆ. ಅದರರ್ಥ ಕೊಳೆ ಹೋಯಿತೆಂದಲ್ಲ, ಹೊತ್ತು ಮುಗಿಯಿತು ಎಂದು. ವಾಟ್ಸಾಪಿನ ನೀಲಿ ಗೀಟು ಅವನು ನೋಡಿದ ಎನ್ನುತ್ತದೆ, ತಿಳಿದುಕೊಂಡ ಎನ್ನುವುದಿಲ್ಲ. ಜನ ಮಾತ್ರ ಅದನ್ನು ತಿಳಿದುಕೊಂಡ ಎಂದೇ ಓದುತ್ತಾರೆ.

ನಾನು ಸೇರಿದಾಗ ನಮಗೆ ತಂತಿ ಫೋನಿತ್ತು, ಆಮೇಲೆ ವಾಕಿಟಾಕಿ ಬಂತು. ವಾಕಿಟಾಕಿಯಲ್ಲಿ ಒಂದು ಮರ್ಯಾದೆ ಇತ್ತು. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ 'ಓವರ್' ಎನ್ನಬೇಕು. ಗಂಡ ಹೆಂಡಿರ ಕೈಗೂ ಒಂದೊಂದು ಕೊಟ್ಟರೆ ಎಷ್ಟೋ ಮನೆ ಉಳಿದಾವು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದು ಹೋಗಿ ಮೊಬೈಲ್ ಬಂತು. ಮೊಬೈಲೊಳಗೆ ಗ್ರೂಪು ಬಂತು.

ಹೊಸದುರ್ಗದಲ್ಲಿದ್ದಾಗಿನ ಮಾತು. ಸೆಕ್ಷನ್ನಿನ ಗ್ರೂಪಿನಲ್ಲಿ ಬೆಳಗಾದರೆ ಸಾಕು, ಗುಲಾಬಿ ಹೂವು, ಶುಭೋದಯ, ದೇವರ ಪಟ. ಒಂದು ದಿನ ಯಾರದೋ ಹುಟ್ಟುಹಬ್ಬ. ಕೇಕಿನ ಚಿತ್ರಗಳ ನಡುವೆ ಒಬ್ಬ ಲೈನ್‌ಮನ್ 'ಲೈನ್ ಕ್ಲಿಯರ್ ಬೇಕು' ಎಂದು ಬರೆದ. ಅದರ ಕೆಳಗೆ ಇನ್ನೊಂದು ಕೇಕು ಬಂತು. ಆ ಕೇಕಿಗೆ ಯಾರೋ ಹೆಬ್ಬೆಟ್ಟಿನ ಚಿತ್ರ ಒತ್ತಿದರು. ನಮ್ಮ ಲೈನ್‌ಮನ್ ಅದು ತನಗೆ ಸಿಕ್ಕ ಒಪ್ಪಿಗೆ ಎಂದುಕೊಂಡ!

ಸ್ಟೇಷನ್ನಿನಲ್ಲಿ ಕುಳಿತ ನನಗೆ ಗ್ರೂಪು ನೋಡುವ ಅಭ್ಯಾಸವಿಲ್ಲ. ಇದ್ದಕ್ಕಿದ್ದಂತೆ ಲೈನಿನ ದೊಡ್ಡ ಸ್ವಿಚ್ಚು, ನಾವು ಬ್ರೇಕರ್ ಎನ್ನುವುದು, ಧಡ್ ಎಂದು ಬಿತ್ತು. ಲೈನ್ ತಾನಾಗಿ ಟ್ರಿಪ್ ಆಗಿತ್ತು. ಯಾರು ಸತ್ತರೋ ಎಂದುಕೊಂಡೆ. ಪುಣ್ಯಕ್ಕೆ ಆ ಮನುಷ್ಯ ಕೈ ಹಾಕುವ ಮುಂಚೆ, ಅಭ್ಯಾಸಬಲದಿಂದ, ಕರೆಂಟು ಇದ್ದರೆ ನೆಲಕ್ಕೆ ಹರಿಯಲೆಂದು, ನೆಲಕ್ಕೆ ತಂತಿ ಕಟ್ಟಿದ ಕೋಲನ್ನು ಲೈನಿಗೆ ತಗುಲಿಸಿದ್ದ. ಬೆಂಕಿ ಹಾರಿ ಹುಬ್ಬು ಸುಟ್ಟುಕೊಂಡು, ಜೀವ ಉಳಿಸಿಕೊಂಡು ಬಂದ. "ಕೇಕಿಗೆ ಒತ್ತಿದ ಹೆಬ್ಬೆಟ್ಟು ನಿಂಗಲ್ಲಪ್ಪ" ಎಂದೆ. ಅವನು ನಗಲಿಲ್ಲ, ನನಗೂ ನಗು ಬರಲಿಲ್ಲ. ಹುಬ್ಬಿಲ್ಲದ ಆ ಮುಖದಲ್ಲಿ ನನಗೆ ನನ್ನ ಯಜಮಾನರ ಮುಖ ಕಂಡಿತ್ತು.

ಇನ್ನು ಹಿರಿಯೂರು ಕಡೆಯ ಕಥೆ. ನಾನು ಈ ಬರಹಕ್ಕೆ ಕೂತದ್ದೇ ಇದಕ್ಕಾಗಿ.

ಅಲ್ಲಿ ಖಾದರ್ ಎಂಬ ಲೈನ್‌ಮನ್ ಇದ್ದ. ಅವರ ಮನೆಯವರದು ಚಿತ್ರದುರ್ಗದಲ್ಲಿ ತಲೆತಲಾಂತರದ ತಗಡಿನ ಕೆಲಸ. ಇವನೊಬ್ಬ ತಗಡು ಬಿಟ್ಟು ತಂತಿ ಹಿಡಿದ. ಕಂಬ ಹತ್ತುವುದರಲ್ಲಿ ಕೋತಿ, ಮಾತಿನಲ್ಲಿ ಜೇನು. ನನ್ನನ್ನು "ನೆಲದಕ್ಕ" ಎಂದು ಮೊದಲು ಕರೆದವನು ಅವನೇ. ಆ ಹೆಸರು ಇಡೀ ಸಬ್‌ಡಿವಿಷನ್ನಿಗೆ ಅಂಟಿಕೊಂಡಿತು. ನಾನು ಬೈದೆ, ಒಳಗೊಳಗೇ ಸಂತೋಷವಾಗಿತ್ತು.

ಸೆಕ್ಷನ್ ಆಫೀಸರ್ ಪ್ರವೀಣ್ ಒಳ್ಳೆಯವನೇ. ಕೈಗವಸು ಹರಿದಿವೆ ಎಂದರೆ ತನ್ನ ಓಡಾಟದಲ್ಲೇ ಹೊಸದು ತರಿಸಿಕೊಟ್ಟವನು. ಅವನ ಕೊರಳಿಗೆ ಬಿದ್ದಿದ್ದ ಉರುಳು ಬೇರೆ. ಯಾವ ಲೈನ್ ಎಷ್ಟು ಹೊತ್ತು ಬಂದ್ ಇದೆ ಎಂಬುದು ಮೇಲಿನವರ ಪರದೆಯಲ್ಲಿ ಕಾಣುತ್ತಿತ್ತು. ಹೊತ್ತು ಮೀರಿದರೆ ಅವನ ಹೆಸರು ಕೆಂಪಾಗುತ್ತಿತ್ತು. ಜೊತೆಗೆ ಹೊಸ ವ್ಯವಸ್ಥೆ ಬಂದು, ನಮ್ಮ ಸ್ಟೇಷನ್ನಿನ ಲೈನನ್ನು ಜಿಲ್ಲೆಯ ಕಂಟ್ರೋಲ್ ರೂಮಿನಲ್ಲಿ ಕುಳಿತು ಕಂಪ್ಯೂಟರಿನಿಂದಲೇ ಹಾಕಬಹುದಾಗಿತ್ತು. ಪ್ಯಾನೆಲ್ಲಿನ ಮೇಲೆ ಒಂದು ಕೀಲಿ. ಒಂದು ಕಡೆ ತಿರುಗಿಸಿದರೆ 'ದೂರದಿಂದ', ಇನ್ನೊಂದು ಕಡೆ ತಿರುಗಿಸಿದರೆ 'ಇಲ್ಲಿಂದ'. ಸದಾ 'ದೂರದಿಂದ' ಇರಬೇಕೆಂದು ಆಜ್ಞೆ.

ಆ ದಿನ ಬೆಳಗ್ಗೆ ಖಾದರ್ ಯಲ್ಲದಕೆರೆ ಲೈನ್ ಕ್ಲಿಯರ್ ಪಡೆದ. ಕಂಬದ ಮೇಲೆ ತಂತಿ ಕೂರಿಸುವ ಪಿಂಗಾಣಿ ಒಡೆದಿತ್ತು, ಬದಲಿಸಬೇಕಿತ್ತು, ಜೊತೆಗೆ ಮಂಜ ಎಂಬ ಇನ್ನೊಬ್ಬ ಲೈನ್‌ಮನ್. ನಾನು ಬ್ರೇಕರ್ ತೆಗೆದು, 'ಮನುಷ್ಯರು ಕೆಲಸ ಮಾಡುತ್ತಿದ್ದಾರೆ' ಎಂಬ ಹಲಗೆ ನೇತು ಹಾಕಿದೆ. ಬಿಸಿಲು ಏರಿತು. ಊರಿನವರ ಫೋನು ಶುರುವಾಯಿತು. "ಏನವ್ವಾ, ನೀರಿಲ್ಲ, ಕುರಿಗೆ ಕುಡ್ಸೋದು ಹೆಂಗೆ?" ಎಂದು ಒಬ್ಬರು, "ನಿಮ್ಮ ಮನೇಲಿ ಫ್ಯಾನ್ ತಿರುಗ್ತೈತಾ?" ಎಂದು ಇನ್ನೊಬ್ಬರು. ಪ್ರವೀಣ್ ಬಂದು ನನ್ನ ಮೇಜಿನ ಮುಂದೆ ಕುಳಿತ. ಅವನ ಫೋನು ಸುಮ್ಮನಿರಲಿಲ್ಲ.

ಆಗ ನನ್ನ ಮೊಬೈಲಿಗೆ ಖಾದರನ ಧ್ವನಿಸಂದೇಶ ಬಂತು. ಒತ್ತಿದೆ. "ನೆಲದಕ್ಕಾ, ಯಲ್ಲದಕೆರೆ ಲೈನ್ ಕೆಲಸ ಆಗೈತೆ. ನಾನು ನೆಲ ಮುಟ್ಟೀನಿ, ಮಂಜ ನೆಲ ಮುಟ್ಟ್ಯಾನೆ. ಕ್ಲಿಯರ್ ವಾಪಸ್. ಲೈನ್ ಹಾಕ್ರಿ."

ಪ್ರವೀಣ್ ಉಸಿರು ಬಿಟ್ಟ. "ಅಬ್ಬಾ. ಹಾಕಿ ಮೇಡಂ."

ನಾನು ಹ್ಯಾಂಡಲ್ ಹತ್ತಿರ ಹೋದೆ, ನಿಜ. ಧ್ವನಿ ಅವನದೇ. ನಾನೇ ಕಲಿಸಿದ ಮಾತು, ಅಕ್ಷರವೂ ಬಿಡದೆ ಹೇಳಿದ್ದಾನೆ. ಕೈ ಎತ್ತಿದವಳಿಗೆ ಓಂಕಾರಪ್ಪನವರ ಮಾತು ಕಿವಿಯಲ್ಲಿ ಕುಕ್ಕಿತು. ನಾನು ಕೇಳಿಲ್ಲವಲ್ಲ.

"ಫೋನ್ ಮಾಡಿ ಕೇಳ್ತೀನಿ" ಎಂದೆ.

"ಕೇಳೋದೇನಿದೆ? ಅವನೇ ಹೇಳಿದಾನಲ್ಲ. ಟೈಮ್ ನೋಡಿ, ಈಗ ಬಂದ ಮೆಸೇಜು."

"ನಾನು ಕೇಳೋಕೆ ಮುಂಚೆ ಹೇಳಿದ್ದು ಉತ್ತರ ಅಲ್ಲ ಸಾರ್."

ಖಾದರನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮಂಜನಿಗೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಖಾದರ್, ಮತ್ತೆ ಬರೀ ರಿಂಗು. ಪ್ರವೀಣ್ ಎದ್ದು ನಿಂತ. "ಬೈಕ್ ಓಡಿಸ್ತಿರ್ತಾನೆ ಮೇಡಂ. ಕೆಲಸ ಮುಗಿಸಿ ಹೊರಟವನು ಕಂಬ ಹಿಡ್ಕೊಂಡು ಕೂರ್ತಾನಾ?"

ಅವನ ಮಾತು ತಪ್ಪೇನಲ್ಲ. ನಾನೂ ಅದನ್ನೇ ನಂಬಬೇಕೆಂದು ಆಸೆಪಟ್ಟೆ. ಅಷ್ಟರಲ್ಲಿ ಅವನ ಫೋನಿಗೆ ಕಂಟ್ರೋಲ್ ರೂಮಿನವರ ಕರೆ ಬಂತು. ಇವನು "ವಾಪಸ್ ಬಂದಿದೆ ಸಾರ್, ಆಪರೇಟರ್ ಸ್ವಲ್ಪ..." ಎಂದು ನನ್ನ ಮುಖ ನೋಡಿದ. ಆ ಕಡೆಯಿಂದ "ವಾಪಸ್ ಬಂದಿದ್ರೆ ಬಿಡ್ರಿ, ನಾವೇ ಇಲ್ಲಿಂದ ಹಾಕ್ತೀವಿ" ಎಂದದ್ದು ನನಗೂ ಕೇಳಿಸಿತು.

ನನ್ನ ಜೀವಮಾನದಲ್ಲಿ ನಾನು ಅಷ್ಟು ಬೇಗ ನಡೆದದ್ದಿಲ್ಲ. ಪ್ಯಾನೆಲ್ಲಿಗೆ ಹೋಗಿ ಕೀಲಿಯನ್ನು 'ಇಲ್ಲಿಂದ' ಎನ್ನುವ ಕಡೆ ತಿರುಗಿಸಿ, ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ಈಗ ಜಿಲ್ಲೆಯೇ ತಲೆಕೆಳಗಾದರೂ ಆ ಲೈನ್ ನನ್ನ ಕೈ ಇಲ್ಲದೆ ಹಾಕಲಾಗದು.

ಪ್ರವೀಣನ ಮುಖ ಕಪ್ಪಿಟ್ಟಿತು. "ಮೇಡಂ, ಇದು ಶಿಸ್ತು ಕ್ರಮದ ವಿಷಯ. ಕೀ ಕೊಡಿ. ನಾನು ಬರೆದು ಕೊಡ್ತೀನಿ, ಜವಾಬ್ದಾರಿ ನಂದು."

"ನೀವು ಬರ್ದು ಕೊಡ್ತೀರಿ ಸಾರ್. ನನ್ನ ಯಜಮಾನ್ರು ಸತ್ತಾಗಲೂ ಎಲ್ಲಾ ಬರ್ದು ಕೊಟ್ಟಿದ್ರು. ಯಾರ್ದೂ ತಪ್ಪಿಲ್ಲ ಅಂತ."

ಅವನಿಗೆ ಅದು ಗೊತ್ತಿರಲಿಲ್ಲ. ಆದರೂ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ನನ್ನ ಹೆದರಿಕೆ ಶಿಸ್ತು ಕ್ರಮಕ್ಕಲ್ಲ. ಖಾದರ್ ನಿಜಕ್ಕೂ ಬೈಕಿನ ಮೇಲೆ ಹಾಡಿಕೊಂಡು ಬರುತ್ತಿದ್ದರೆ ನಾಳೆಯಿಂದ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ನೆಲದಕ್ಕನಿಗೆ ಅರಳು ಮರಳು ಎನ್ನುತ್ತಾರೆ, ಆಮೇಲೆ ಇನ್ನೊಂದು ದಿನ ಇನ್ಯಾರೋ... ಮತ್ತೆ ಒತ್ತಿದೆ. ರಿಂಗ್ ಹೋಗುತ್ತಲೇ ಇತ್ತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

ಎತ್ತಿದ. ಗಾಳಿಯ ಸದ್ದು, ಎಲ್ಲೋ ಕೆಳಗಡೆ ಕುರಿಗಳ ಸದ್ದು.

"ಏನಕ್ಕಾ ಒಂದೇ ಸಮ ರಿಂಗ್ ಕೊಡ್ತಿದೀರಿ! ಮ್ಯಾಲಿದೀನಿ, ಕೈ ಬಿಡುವಿಲ್ಲ."

ಪ್ರವೀಣ್ ಮೇಜು ಹಿಡಿದುಕೊಂಡು ಕುಳಿತ. "ಲೇ ಖಾದರ್, ಎಲ್ಲೂ ಕೈ ಹಾಕಬ್ಯಾಡ. ಮೆತ್ತಗೆ ಇಳಿ. ಫೋನ್ ಕಟ್ ಮಾಡಬ್ಯಾಡ."

ಆಮೇಲೆ ತಿಳಿದದ್ದು ಇಷ್ಟು. ಅವರು ಮೊದಲ ಕೆಲಸ ಮುಗಿಸಿ, ಇಬ್ಬರೂ ಇಳಿದು, ನೆಲಕ್ಕೆ ಕಟ್ಟಿದ ತಂತಿಯನ್ನೂ ಬಿಚ್ಚಿ, ಸಂದೇಶ ಹೇಳಿದ್ದು ನಿಜ. ಅಲ್ಲಿ ಸಿಗ್ನಲ್ ಇರಲಿಲ್ಲ, ಸಂದೇಶ ಹೋಗದೆ ಫೋನಿನಲ್ಲೇ ಗಿರಕಿ ಹೊಡೆಯುತ್ತಿತ್ತು. ಅಷ್ಟರಲ್ಲಿ ಮುಂದಿನ ಕಂಬದ ಮೇಲೆ ತಂತಿಯ ಜೋಡಣೆ ಸುಟ್ಟು ಜೋತಾಡುವುದು ಕಂಡಿತು. ಹೇಗೂ ಕರೆಂಟು ಹಾಕಿಲ್ಲ, ಇದನ್ನೂ ಮುಗಿಸೋಣ ಎಂದುಕೊಂಡರು. ಇನ್ನೂ ಹೊತ್ತಾಗುತ್ತದೆ ಎಂದು ನನಗೆ ತಿಳಿಸಲು ಮಂಜ ಸಿಗ್ನಲ್ ಹುಡುಕುತ್ತಾ ಬೈಕಿನಲ್ಲಿ ಹೋದ. ಖಾದರ್ ಸಣ್ಣ ಕೆಲಸವೆಂದು ನೆಲದ ತಂತಿ ಮತ್ತೆ ಕಟ್ಟದೆ, ಫೋನನ್ನು ಜೇಬಿನಲ್ಲಿಟ್ಟುಕೊಂಡು ಕಂಬ ಹತ್ತಿದ. ಮೇಲೆ, ಆ ಎತ್ತರದಲ್ಲಿ, ಸಿಗ್ನಲ್ ಇತ್ತು. ಹಳೆಯ ಸಂದೇಶ ಅವನ ಜೇಬಿನಿಂದಲೇ ನನಗೆ ಹಾರಿ ಬಂತು. ಅವನು ನೆಲದ ಮೇಲಿದ್ದಾನೆ ಎಂದು ಫೋನು ನನಗೆ ಹೇಳಿದ್ದು, ಅವನು ಕಂಬದ ಮೇಲಿದ್ದುದರಿಂದ.

ಯಂತ್ರ ಸುಳ್ಳು ಹೇಳಿತೇ? ಇಲ್ಲ. ಹೊತ್ತು ಮೀರಿ ನಿಜ ಹೇಳಿತು. ನನ್ನ ಮಟ್ಟಿಗೆ ಅದು ಸುಳ್ಳಿಗಿಂತ ಕಡೆ. ಅದೇ ಎತ್ತರದ ಸಿಗ್ನಲ್‌ನಿಂದಲೇ ನನ್ನ ಕರೆಯೂ ಅವನಿಗೆ ಮುಟ್ಟಿತು, ಅದನ್ನೂ ಒಪ್ಪಬೇಕು. ಬೈಯುವಾಗ ಪೂರ್ತಿ ಲೆಕ್ಕ ಇಟ್ಟು ಬೈಯಬೇಕು. ಮಾರನೆಯ ವಾರ ಪ್ರವೀಣನೇ ಆದೇಶ ಹೊರಡಿಸಿದ. ಲೈನ್ ಕ್ಲಿಯರ್ ಕೊಡುವುದೂ ಪಡೆಯುವುದೂ ಬಾಯಿಂದ ಬಾಯಿಗೆ, ಕೇಳಿ, ಉತ್ತರ ಪಡೆದು. ಧ್ವನಿಸಂದೇಶ ನಡೆಯದು. ನನ್ನ ಮೇಲೆ ಕ್ರಮ ಏನೂ ಆಗಲಿಲ್ಲ.

ಆದರೆ ಆ ದಿನದ ಒಂದು ಸಂಗತಿ ನಾನು ಯಾರಿಗೂ ಹೇಳಿಲ್ಲ. ಪ್ರವೀಣನಿಗೆ ಗೊತ್ತು, ಅವನು ಎದುರಿಗೇ ಇದ್ದ.

ಖಾದರ್ ಇಳಿಯತೊಡಗಿದ. ಅಷ್ಟರಲ್ಲಿ ಮಂಜನ ಬೈಕಿನ ಸದ್ದು ಕೇಳಿಸಿತು, ಕೆಳಗೆ ಬರುತ್ತಿದ್ದಂತೆ ಸಿಗ್ನಲ್ ಹೋಗಿ ಕರೆ ಕಡಿಯಿತು. ಇಬ್ಬರೂ ನೆಲದ ತಂತಿ ಮತ್ತೆ ಕಟ್ಟಿ, ಉಳಿದ ಕೆಲಸ ಮುಗಿಸಿ, ಬಿಚ್ಚಿ, ಸಿಗ್ನಲ್ ಇರುವ ದಿಬ್ಬಕ್ಕೆ ಬಂದು ಫೋನ್ ಮಾಡಿದರು. "ಖಾದರ್, ನೆಲ ಮುಟ್ಟಿದೀಯಾ?" "ಮುಟ್ಟೀನಿ ಅಕ್ಕಾ." ಅವನ ಧ್ವನಿಯಲ್ಲಿ ಜೇನು ಇರಲಿಲ್ಲ, ಅಳು ಇತ್ತು. "ಮಂಜ, ನೆಲ ಮುಟ್ಟಿದೀಯಾ?" "ಮುಟ್ಟೀನಿ."

ಸೆರಗಿನ ಗಂಟು ಬಿಚ್ಚಿ ಕೀಲಿ ಹಾಕಿದೆ. ಹ್ಯಾಂಡಲ್ ಮೇಲೆ ಕೈ ಇಟ್ಟೆ. ತಿರುಗಿಸಲು ಆಗಲಿಲ್ಲ. ಎಷ್ಟೋ ವರ್ಷ ಎಷ್ಟೋ ಸಲ ತಿರುಗಿಸಿದ ಕೈ ಕಲ್ಲಾಗಿತ್ತು. ಓಂಕಾರಪ್ಪನವರು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದುದು ಯಾಕೆಂದು ಆಗ ನನ್ನ ಮೈಗೆ ಗೊತ್ತಾಯಿತು. ಪ್ರವೀಣ್ ಮೆಲ್ಲಗೆ "ನಾನು ಹಾಕ್ಲಾ ಮೇಡಂ?" ಎಂದ. ಬೇಡವೆಂದೆ. ಎಡಗೈಯಿಂದ ಹೊಳಲ್ಕೆರೆಯ ಆ ಹಳೆಯ ನಂಬರ್ ಒತ್ತಿದೆ.

ಓಂಕಾರಪ್ಪನವರು ಹಾಸಿಗೆ ಹಿಡಿದಿದ್ದರು. ಸೊಸೆ ಫೋನನ್ನು ಕಿವಿಗೆ ಇಟ್ಟಳು. ನಡೆದದ್ದನ್ನು ಹೇಳಿದೆ.

"ನೆಲ ಮುಟ್ಟಿದ್ನಾ?" ಎಂದರು.

"ಮುಟ್ಟಿದ ಸಾರ್."

"ನೀನು ಕೇಳಿದ್ಯಾ?"

"ಕೇಳ್ದೆ. ಕೇಳಿದ ಮ್ಯಾಲೆ ಹೇಳ್ದ."

ಆಮೇಲೆ, ಆ ಸ್ಟೇಷನ್ನಿನಲ್ಲಿ ಅಷ್ಟು ವರ್ಷ ಜೊತೆಗಿದ್ದರೂ ಅವರ ಬಾಯಿಂದ ಒಮ್ಮೆಯೂ ಬಾರದಿದ್ದ ಮಾತು ಬಂತು.

"ಹಂಗಾದ್ರೆ ಹಾಕಾಣ ನಡಿಯವ್ವ, ಇಬ್ರೂ ಸೇರಿ."

ಫೋನನ್ನು ಕಿವಿಗೆ ಒತ್ತಿಕೊಂಡೇ ಹ್ಯಾಂಡಲ್ ತಿರುಗಿಸಿದೆ. ಬ್ರೇಕರ್ ಕೂತ ಸದ್ದು ಅವರಿಗೂ ಕೇಳಿಸಿತು.